ಕಾರಿನ ಬಣ್ಣ ಮಾಸುವಿಕೆ

ಕಾರಿನ ಹೊರಮೈಯ ಬಣ್ಣದ ಪದರವು ಬಿಸಿಲು, ತೇವ, ಧೂಳು ಮತ್ತು ರಾಸಾಯನಿಕ ಕಲೆಗಳ ದೆಸೆಯಿಂದ ತನ್ನ ಹೊಳಪನ್ನು ಇಲ್ಲವೇ ವರ್ಣವನ್ನು ಕಳೆದುಕೊಳ್ಳುವುದಕ್ಕೆ ಬಣ್ಣ ಮಾಸುವಿಕೆ ಎನ್ನುತ್ತಾರೆ. ಹತ್ತು ಹದಿನೈದು ವರ್ಷ ದಾಟಿದ, ನೆರಳಿಲ್ಲದೆ ಅಂಗಳದಲ್ಲೇ ನಿಲ್ಲುವ ಕಾರುಗಳಲ್ಲಿ ಇದು ಹೆಚ್ಚು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಹವೆ, ನೀರು ಮತ್ತು ರೂಢಿಗಳನ್ನು ಮುಂದಿಟ್ಟುಕೊಂಡು ಈ ವಿದ್ಯಮಾನವನ್ನು ಇಲ್ಲಿ ವಿವರಿಸಿದೆ.

ಪರಿಭಾಷೆ

ಆಡುಮಾತಿನಲ್ಲಿ "ಬಣ್ಣ ಹೋಗೈತಿ", "ಶೈನಿಂಗ್ ಹೋಗೈತಿ" ಎಂಬ ಎರಡು ಮಾತುಗಳು ಎಲ್ಲ ಬಗೆಯ ಕೆಡುಕಿಗೂ ಸಲ್ಲುತ್ತವೆ. ದುರಸ್ತಿಯ ದೃಷ್ಟಿಯಿಂದ ಇವನ್ನು ಬೇರ್ಪಡಿಸುವುದು ಅಗತ್ಯ. ಹೊಳಪು ಮಾತ್ರ ಕುಂದಿದ್ದರೆ ಮಬ್ಬು. ವರ್ಣವೇ ತಿಳಿಯಾಗಿದ್ದರೆ ಮಾಸು. ಬೆರಳಿಗೆ ಸುಣ್ಣದಂಥ ಪುಡಿ ಹತ್ತಿದರೆ ಪುಡಿಯೇಳುವಿಕೆ. ಮೇಲಿನ ಪಾರದರ್ಶಕ ಪದರ ಚಕ್ಕೆಚಕ್ಕೆಯಾಗಿ ಎದ್ದರೆ ಪದರ ಸುಲಿತ. ಹೊಸದಾಗಿ ಬಳಿದ ಬಣ್ಣ ಒಣಗುವಾಗಲೇ ಬೆಳ್ಳಗೆ ಮುಸುಕು ಕಟ್ಟುವುದು ಬೇರೆಯದೇ ದೋಷ. ಅದನ್ನು ಇಲ್ಲಿ ಹಾಲುಮಬ್ಬು ಎಂದು ಕರೆದಿದೆ.

"ಡುಕೊ", "ಲ್ಯಾಕರ್" ಎಂಬ ಎರಡು ಪದಗಳು ಗ್ಯಾರೇಜುಗಳಲ್ಲಿ ಸಡಿಲವಾಗಿ ಬಳಕೆಯಲ್ಲಿವೆ. ಡುಕೊ ಒಂದು ಕಂಪನಿಯ ಸರಕಿನ ಹೆಸರು. ಈಗ ಯಾವ ತುಂತುರು ಬಣ್ಣಕ್ಕೂ ಅದೇ ಹೆಸರು. ಲ್ಯಾಕರ್ ಪದದ ಬೇರು ಸಂಸ್ಕೃತದ ಲಾಕ್ಷಾ, ಅಂದರೆ ಕನ್ನಡದ ಅರಗು. 1937ರಲ್ಲಿ ಮೈಸೂರಿನಲ್ಲಿ ಆರಂಭವಾಗಿ, ಮುಂದೆ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಕಾರ್ಖಾನೆಯ ಮೊದಲ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದಿತ್ತು. ಇಂದು ಕಾರಿಗೆ ಹೊಡೆಯುವ ಪಾರದರ್ಶಕ ಲ್ಯಾಕರಿನಲ್ಲಿ ಅರಗಿನ ಅಂಶವಿಲ್ಲ.

ಹಿನ್ನೆಲೆ

ಮೊದಲ ಮೋಟಾರು ವಾಹನಗಳಿಗೆ ಸಾರೋಟಿಗೆ ಬಳಿಯುತ್ತಿದ್ದ ಎಣ್ಣೆ ವಾರ್ನಿಶನ್ನೇ ಕುಂಚದಿಂದ ಬಳಿಯುತ್ತಿದ್ದರು. ಅದು ಪೂರ್ತಿ ಒಣಗಲು ವಾರಗಳು ಬೇಕಾಗುತ್ತಿದ್ದವು, ಬಿಸಿಲಿಗೆ ಬೇಗ ಹಳದಿಗಟ್ಟುತ್ತಿತ್ತು. ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ನೈಟ್ರೋಸೆಲ್ಯುಲೋಸ್ ಆಧಾರಿತ ಡುಕೊ ಬಣ್ಣವನ್ನು ತಂದಿತು. ಜನರಲ್ ಮೋಟರ್ಸ್ ಅದನ್ನು ಮೊದಲು ಓಕ್‌ಲ್ಯಾಂಡ್ ಕಾರಿಗೆ ನೀಲಿ ಬಣ್ಣವಾಗಿ ಬಳಸಿತು. ತುಂತುರಾಗಿ ಹೊಡೆದ ಈ ಬಣ್ಣ ಗಂಟೆಗಳಲ್ಲಿ ಒಣಗುತ್ತಿತ್ತು. ಆದರೆ ಆಗಾಗ ಉಜ್ಜದಿದ್ದರೆ ಮಬ್ಬಾಗುತ್ತಿತ್ತು. ಹೀಗಾಗಿ ಬಣ್ಣ ಮಾರಿದ ಕಂಪನಿಯೇ ಅದನ್ನು ಉಜ್ಜಲು ಪಾಲಿಶನ್ನೂ ಮಾರಿತು. ನೀರು ಹಾಕಿ ಉಜ್ಜುವ ವಾಟರ್ ಪೇಪರ್ 1921ರಲ್ಲೇ ಬಂದಿತ್ತು. ಡುಕೊ, ವಾಟರ್ ಪೇಪರ್ ಮತ್ತು ರಬ್ಬಿಂಗ್ ಕಂಪೌಂಡ್ ಒಟ್ಟಿಗೆ ಬೆಳೆದವು.

ಮುಂದೆ ಆಲ್ಕಿಡ್ ಎನಾಮಲ್, 1950ರ ದಶಕದಲ್ಲಿ ಅಕ್ರಿಲಿಕ್ ಲ್ಯಾಕರ್, 1980ರ ದಶಕದಿಂದ ವ್ಯಾಪಕವಾಗಿ ಬಣ್ಣದ ಪದರದ ಮೇಲೆ ಪ್ರತ್ಯೇಕ ಪಾರದರ್ಶಕ ಪದರ ಹೊಡೆಯುವ ಪದ್ಧತಿ ಬಂದವು. 1976ರಿಂದ ಕ್ಯಾಥೋಡಿಕ್ ವಿದ್ಯುಲ್ಲೇಪನ ಬಳಕೆಗೆ ಬಂದು ತುಕ್ಕು ತಡೆಯುವ ಶಕ್ತಿ ಬಹಳ ಹೆಚ್ಚಿತು.

ಭಾರತದಲ್ಲಿ ಅಂಬಾಸಿಡರ್ (1958–2014), ಪ್ರೀಮಿಯರ್ ಪದ್ಮಿನಿ ಮತ್ತು ಮಹೀಂದ್ರ ಜೀಪುಗಳ ಕಾಲ ಬಹುಮಟ್ಟಿಗೆ ಒಂಟಿ ಪದರದ ಬಣ್ಣಗಳ ಕಾಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಅದರ ಬೆನ್ನಿಗೇ ಬಂದ ಓಮ್ನಿ, 1994ರ ಟಾಟಾ ಸುಮೊ, 1998ರ ಇಂಡಿಕಾ ಮತ್ತು 2000ದ ಆಸುಪಾಸಿನ ಕ್ವಾಲಿಸ್, ಬೊಲೆರೊಗಳು ಸಣ್ಣ ಊರುಗಳಿಗೂ ಕಾರನ್ನು ತಂದವು. ಇಂದು "ಹಳೇ ಗಾಡಿ" ಎನಿಸಿಕೊಂಡಿರುವುದು ಬಹುತೇಕ ಈ ಪೀಳಿಗೆ. ಇವುಗಳಲ್ಲಿ ಒಂಟಿ ಪದರದವೂ ಇವೆ, ಜೋಡಿ ಪದರದವೂ ಇವೆ. ಒಂದೇ ಮಾದರಿಯ ಬಿಳಿ ಕಾರು ಒಂದು ಬಗೆ, ಬೆಳ್ಳಿ ಬಣ್ಣದ ಕಾರು ಇನ್ನೊಂದು ಬಗೆ ಆಗಿರುವುದುಂಟು.

ಬಣ್ಣದ ರಚನೆ

ಉಕ್ಕಿನ ತಗಡಿನ ಮೇಲೆ ಮೊದಲು ಫಾಸ್ಫೇಟ್ ಸಂಸ್ಕಾರ, ಅದರ ಮೇಲೆ ಸುಮಾರು 20 ಮೈಕ್ರಾನಿನ ವಿದ್ಯುಲ್ಲೇಪಿತ ಪ್ರೈಮರ್, ಬಳಿಕ 30ರಿಂದ 40 ಮೈಕ್ರಾನಿನ ಸರ್ಫೇಸರ್, 12ರಿಂದ 20 ಮೈಕ್ರಾನಿನ ಬಣ್ಣದ ಪದರ, ಕೊನೆಗೆ 35ರಿಂದ 50 ಮೈಕ್ರಾನಿನ ಪಾರದರ್ಶಕ ಪದರ ಇರುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೊಳಪು, ರಕ್ಷಣೆ, ಪಾಲಿಶ್ ಎಲ್ಲವೂ ನಿಂತಿರುವುದು ತಲೆಗೂದಲಿಗಿಂತ ತೆಳುವಾದ ಆ ಕೊನೆಯ ಪದರದ ಮೇಲೆ. ಒಂಟಿ ಪದರದ ಬಣ್ಣದಲ್ಲಿ ಪಾರದರ್ಶಕ ಪದರವಿಲ್ಲ. ವರ್ಣಕ ಮತ್ತು ಅಂಟು ಒಂದೇ ಪದರದಲ್ಲಿ ಬೆರೆತಿರುತ್ತವೆ.

ಮಾಸುವ ಬಗೆ

ನೆಲ ಮುಟ್ಟುವ ಸೂರ್ಯಪ್ರಕಾಶದ 290ರಿಂದ 400 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣಗಳು ಅಂಟಿನ ಉದ್ದ ಅಣುಸರಪಳಿಗಳನ್ನು ಕಡಿಯುತ್ತವೆ. ಕಡಿದ ತುದಿಗಳಿಗೆ ಗಾಳಿಯ ಆಮ್ಲಜನಕ ಸೇರಿ ಕೆಡುಕು ಮುಂದುವರಿಯುತ್ತದೆ. ನುಣುಪಾಗಿದ್ದ ಮೇಲ್ಮೈ ಸೂಕ್ಷ್ಮವಾಗಿ ತರಿತರಿಯಾಗಿ, ಬಿದ್ದ ಬೆಳಕು ಕನ್ನಡಿಯಂತೆ ಮರಳದೆ ಚೆದುರುತ್ತದೆ. ಕಣ್ಣಿಗೆ ಇದೇ ಮಬ್ಬಾಗಿ ಕಾಣುವುದು. ಒಂಟಿ ಪದರದಲ್ಲಿ ಅಂಟು ಸವೆದು ವರ್ಣಕದ ಕಣಗಳು ಬಿಡಿಯಾಗಿ ಉಳಿದಾಗ ಪುಡಿಯೇಳುತ್ತದೆ. ಬಿಳಿ ಓಮ್ನಿಯನ್ನು ಒರಸಿದ ಬಟ್ಟೆ ಬೆಳ್ಳಗಾಗುವುದು ಇದರಿಂದ.

ವರ್ಣಗಳ ತಾಳಿಕೆ ಒಂದೇ ಸಮನಲ್ಲ. ಬಿಳಿಯ ಟೈಟೇನಿಯಂ ಡೈ ಆಕ್ಸೈಡ್, ಕಾವಿಯ ಕಬ್ಬಿಣದ ಆಕ್ಸೈಡ್, ಕಪ್ಪಿನ ಕಾರ್ಬನ್ ಇವು ಬಿಸಿಲಿಗೆ ಜಗ್ಗದ ವರ್ಣಕಗಳು. ಹಳೆಯ ಕೆಂಪುಗಳಲ್ಲಿ ಬಳಸಿದ ಅಗ್ಗದ ಸಾವಯವ ವರ್ಣಕಗಳು ತಾವೇ ಒಡೆದುಹೋಗುತ್ತವೆ. ಆದ್ದರಿಂದ ಕೆಂಪು ಕಾರು ಮೊದಲು ಕಿತ್ತಳೆಗೆ, ಆಮೇಲೆ ನಸುಗೆಂಪಿಗೆ ತಿರುಗುತ್ತದೆ. ಕಪ್ಪು ಬಣ್ಣದ ವರ್ಣಕ ಗಟ್ಟಿಯಾದರೂ ತಗಡು ಹೆಚ್ಚು ಕಾಯುವುದರಿಂದ ಮೇಲಿನ ಪದರ ಬೇಗ ಸೊರಗುತ್ತದೆ, ಗೀರುಗಳೂ ಎದ್ದು ಕಾಣುತ್ತವೆ.

ನಾಲ್ಕು ತಾಲ್ಲೂಕುಗಳ ಹವೆ ಮತ್ತು ನೀರು

ಈ ತಾಲ್ಲೂಕುಗಳು ಸುಮಾರು 14.4ರಿಂದ 15.2 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ದಿನಗಳಲ್ಲಿ ಇಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮತ್ತೊಮ್ಮೆ ನೆತ್ತಿಗೇರಿದರೂ ಆಗ ಮೋಡ ಅಡ್ಡವಿರುತ್ತದೆ. ಬೇಸಿಗೆಯ ಬಿಸಿಲು ನೇರ ಬೀಳುವುದು ಛಾವಣಿ, ಬಾನೆಟ್ ಮತ್ತು ಡಿಕ್ಕಿಯ ಮೇಲೆ. ಬಾಗಿಲುಗಳು ಹೊಳೆಯುತ್ತಿದ್ದು ಛಾವಣಿ ಮಾತ್ರ ಬಿಳಚಿದ ಕಾರುಗಳು ಇಲ್ಲಿ ಸಾಮಾನ್ಯವಾಗಿರುವುದು ಇದರಿಂದಲೇ.

ಸವಣೂರು ಮತ್ತು ಶಿಗ್ಗಾಂವಿಯ ಪೂರ್ವ ಭಾಗ ಬಯಲುಸೀಮೆ. ಎರೆಮಣ್ಣಿನ ಧೂಳು ನಯವಾದರೂ ಒಣಬಟ್ಟೆಯಲ್ಲಿ ಒರಸಿದಾಗ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಹಾನಗಲ್ ತಾಲ್ಲೂಕು ಮಲೆನಾಡಿನ ಸೆರಗು, ಭತ್ತದ ಸೀಮೆ. ಅಲ್ಲಿ ಬಿಸಿಲಿಗಿಂತ ತಿಂಗಳುಗಟ್ಟಲೆ ಆರದ ತೇವ, ಮರದಡಿಯ ಪಾಚಿ ಮತ್ತು ಸಂದುಗಳ ತುಕ್ಕು ಹೆಚ್ಚಿನ ತೊಂದರೆ. ಹಿರೇಕೆರೂರಿನಲ್ಲಿ ಎರಡೂ ಲಕ್ಷಣಗಳು ಬೆರೆತಿವೆ. ಸುಗ್ಗಿಯಲ್ಲಿ ರಸ್ತೆಗೆ ಹರವಿದ ಗೋವಿನಜೋಳದ ಹೊಟ್ಟು ಮತ್ತು ಸಿಪ್ಪೆಯ ಧೂಳು ಇದಕ್ಕೆ ಸೇರುತ್ತದೆ. ಶಿಗ್ಗಾಂವಿ ಮತ್ತು ಬಂಕಾಪುರಗಳ ಪಕ್ಕ ಹಾಯುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡುವ ಕಾರುಗಳ ಮೂತಿಯಲ್ಲಿ ಲಾರಿ ಚಕ್ರಗಳಿಂದ ಸಿಡಿದ ಕಲ್ಲುಚೂರಿನ ಗುರುತುಗಳು ಸಾಮಾನ್ಯ. ಪಾರದರ್ಶಕ ಪದರದ ಸುಲಿತ ಬಹುಪಾಲು ಇಂಥ ಚುಕ್ಕೆಯಿಂದಲೇ ಶುರುವಾಗುತ್ತದೆ.

ಕೊಳವೆಬಾವಿಯ ಗಡಸು ನೀರು ಕಡೆಗಣಿಸಲಾಗದ ಕಾರಣ. ಕಾದ ಬಾನೆಟ್ಟಿನ ಮೇಲೆ ಬಿದ್ದ ಹನಿ ಆರಿದಾಗ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರವಾಗಿ ಉಳಿಯುತ್ತವೆ. ಹೊಸದಾದ ಉಂಗುರ ನೀರು ಬೆರೆಸಿದ ವಿನೆಗರ್‌ಗೆ ಕರಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಪದರವನ್ನೇ ಕೊರೆದು, ಪಾಲಿಶ್ ಮಾಡಿದರಷ್ಟೇ ಹೋಗುತ್ತದೆ. ಹಕ್ಕಿಯ ಹಿಕ್ಕೆಯಲ್ಲಿನ ಯೂರಿಕ್ ಆಮ್ಲವೂ ಹೀಗೆಯೇ ಕೊರೆಯುತ್ತದೆ. ಬೇವು, ಹುಣಸೆಯ ನೆರಳು ಬಿಸಿಲನ್ನು ತಡೆದರೂ ಹಿಕ್ಕೆ ಮತ್ತು ಅಂಟು ಹನಿಗಳನ್ನು ಕೊಡುಗೆಯಾಗಿ ನೀಡುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ನವಿಲುಧಾಮವಿದೆ. ಗಂಡು ನವಿಲು ಹೊಳೆಯುವ ಕಾರಿನಲ್ಲಿ ತನ್ನ ಬಿಂಬ ಕಂಡು ಎದುರಾಳಿಯೆಂದು ಕುಕ್ಕುವುದು ಪಕ್ಷಿವೀಕ್ಷಕರಿಗೆ ತಿಳಿದ ಸಂಗತಿ. ಮಬ್ಬಾದ ಬಣ್ಣಕ್ಕಿರುವ ಏಕೈಕ ಅನುಕೂಲ ಈ ಕುಕ್ಕಿನಿಂದ ಪಾರಾಗುವುದು.

ಮಹಾನವಮಿ ಮತ್ತು ಬಲಿಪಾಡ್ಯಮಿಯ ವಾಹನಪೂಜೆಯಲ್ಲಿ ಹಚ್ಚುವ ಕುಂಕುಮ, ಅರಿಶಿನ, ವಿಭೂತಿಗಳು ನುಣುಪಾದ ಪದರದಿಂದ ತೊಳೆದರೆ ಹೋಗುತ್ತವೆ. ಪುಡಿಯೆದ್ದು ರಂಧ್ರಮಯವಾದ ಹಳೆಯ ಬಣ್ಣದೊಳಕ್ಕೆ ಇವು ಇಳಿಯುತ್ತವೆ. ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ತಿಳಿಯಾಗುತ್ತದೆ, ರಾಸಾಯನಿಕ ಬಣ್ಣ ಬೆರೆತ ಕುಂಕುಮದ ಕಲೆ ಉಳಿಯುತ್ತದೆ.

ಪರೀಕ್ಷೆ

ದುರಸ್ತಿಗೆ ಮುನ್ನ ಮೂರು ಸುಲಭ ಪರೀಕ್ಷೆಗಳಿವೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಒಂಟಿ ಪದರ, ಹತ್ತದಿದ್ದರೆ ಮೇಲೆ ಪಾರದರ್ಶಕ ಪದರವಿದೆ. ತಿನ್ನರಿನಲ್ಲಿ ಅದ್ದಿದ ಬಟ್ಟೆಗೆ ಬಣ್ಣ ಕರಗಿ ಬಂದರೆ ಅದು ನೈಟ್ರೋಸೆಲ್ಯುಲೋಸ್ ಜಾತಿಯದು. ಹಾರ್ಡನರ್ ಬೆರೆಸಿ ಗಟ್ಟಿಯಾದ ಬಣ್ಣ ಕರಗುವುದಿಲ್ಲ. ಹಿಂದೆ ಯಾರೋ ಮರುಬಣ್ಣ ಮಾಡಿಸಿದ ಕಾರನ್ನು ಕೊಂಡವರಿಗೆ ಈ ಪರೀಕ್ಷೆ ಬಹಳ ಮುಖ್ಯ. ಮೂರನೆಯದು ನೀರಿನ ಪರೀಕ್ಷೆ: ಮಬ್ಬಾದ ಜಾಗಕ್ಕೆ ನೀರು ಹಾಕಿದಾಗ ಹೊಳಪು ಮರಳಿದಂತೆ ಕಂಡರೆ ಕೆಡುಕು ಮೇಲ್ಮೈಯಲ್ಲಿದೆ, ಉಜ್ಜಿದರೆ ಸರಿಹೋಗುವ ಸಂಭವ ಹೆಚ್ಚು. ನೀರಿನಲ್ಲೂ ಬೆಳ್ಳಗೇ ಇದ್ದರೆ ಪದರವೇ ಸತ್ತಿದೆ.

ಪದರದ ದಪ್ಪ ಅಳೆಯುವ ಸಣ್ಣ ಯಂತ್ರವೂ ಇದೆ. ಒಟ್ಟು ದಪ್ಪ 100ರಿಂದ 150 ಮೈಕ್ರಾನ್ ಇದ್ದರೆ ಕಾರ್ಖಾನೆಯ ಬಣ್ಣ. 200 ದಾಟಿದರೆ ಮರುಬಣ್ಣ. 500 ಮೀರಿದರೆ ಒಳಗೆ ಪಟ್ಟಿ, ಅಂದರೆ ತಗ್ಗು ತುಂಬುವ ಲೇಪ, ಮೆತ್ತಿದ ಗುರುತು.

ಉಜ್ಜಿ ಸರಿಪಡಿಸುವುದು

ಮೊದಲ ಹೆಜ್ಜೆ ತೊಳೆಯುವುದು. ಬಟ್ಟೆ ಒಗೆಯುವ ಪುಡಿಯ ಸೋಡಾ ಇದ್ದಬದ್ದ ಮೇಣವನ್ನೂ ತೆಗೆಯುವುದರಿಂದ ಕಾರಿನ ಶ್ಯಾಂಪೂ ಅಥವಾ ಕೇವಲ ಹೆಚ್ಚು ನೀರು ಮೇಲು. ತೊಳೆದ ಮೇಲೂ ಅಂಗೈಗೆ ತರಿ ತಾಗಿದರೆ, ಮೆತ್ತಿಕೊಂಡ ಕಬ್ಬಿಣದ ಚೂರು ಮತ್ತು ಡಾಂಬರಿನ ಕಣಗಳನ್ನು ಜೇಡಿಯಂಥ ಕ್ಲೇ ಬಾರ್‌ನಿಂದ, ಜಾರುವಂತೆ ನೀರು ಚಿಮುಕಿಸಿ ತೆಗೆಯಲಾಗುತ್ತದೆ.

ಕಂಪೌಂಡಿನಲ್ಲಿರುವ ಗಡಸು ಕಣಗಳು ಕೆಟ್ಟ ಮೇಲ್ಮೈಯನ್ನು ತೆಳ್ಳಗೆ ಕೊರೆದು ಕೆಳಗಿನ ಗಟ್ಟಿ ಪದರವನ್ನು ಹೊರತರುತ್ತವೆ. ಒರಟು ಕಂಪೌಂಡ್, ಆಮೇಲೆ ನಯ ಪಾಲಿಶ್ ಎಂಬುದು ಕ್ರಮ. ಆಳದ ಮಬ್ಬಿಗೆ ಮುಂಚೆ 1500, 2000 ಅಥವಾ 3000 ನಂಬರಿನ ವಾಟರ್ ಪೇಪರ್ ಹಾಕುವುದುಂಟು. ನೇರ ಸುತ್ತುವ ರೋಟರಿ ಯಂತ್ರ ಬೇಗ ಕೆಲಸ ಮುಗಿಸುತ್ತದೆ, ಬೇಗ ಬಣ್ಣವನ್ನೂ ಸುಡುತ್ತದೆ. ಓಲಾಡುತ್ತ ಸುತ್ತುವ ಡ್ಯುಯಲ್ ಆ್ಯಕ್ಷನ್ ಯಂತ್ರ ನಿಧಾನವಾದರೂ ಕಲಿಯುವವರಿಗೆ ಸುರಕ್ಷಿತ. ಅಂಚು ಮತ್ತು ಏಣುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿಗೆ ಟೇಪ್ ಅಂಟಿಸುತ್ತಾರೆ. ಕೆಲಸ ನೆರಳಿನಲ್ಲಿ, ತಣ್ಣನೆಯ ತಗಡಿನ ಮೇಲೆ ಆಗಬೇಕು. ಬಿಸಿಲಿಗೆ ನಿಂತ ಕಾರಿನ ಮೇಲೆ ಕಂಪೌಂಡ್ ಒಣಗಿ ಗೀರುತ್ತದೆ.

ಪ್ರತಿ ಉಜ್ಜಾಟವೂ ಉಳಿದ ಪದರದ ಖರ್ಚು. ಪ್ರತಿ ದಸರೆಗೆ ಯಂತ್ರದಿಂದ ಕಂಪೌಂಡ್ ಹೊಡೆಸುವ ರೂಢಿ ಕೆಲವೇ ವರ್ಷಗಳಲ್ಲಿ ಪಾರದರ್ಶಕ ಪದರವನ್ನು ಮುಗಿಸುತ್ತದೆ. ಪದರ ತೆಳುವಾದಷ್ಟೂ ಅದರಲ್ಲಿ ಬೆರೆತ ಅತಿನೇರಳೆ ತಡೆಯ ಪ್ರಮಾಣವೂ ತಗ್ಗಿ ಮುಂದಿನ ಮಾಸುವಿಕೆ ಬೇಗ ಬರುತ್ತದೆ. ಸುಲಿತ ಶುರುವಾದ ಪದರವನ್ನು ಯಾವ ಪಾಲಿಶೂ ಕೂಡಿಸದು. ಉಜ್ಜಿದರೆ ಸುಲಿತದ ಅಂಚು ಹಿಗ್ಗುತ್ತದೆ.

ಸೀಮೆಎಣ್ಣೆ, ಡೀಸೆಲ್, ಕೊಬ್ಬರಿ ಎಣ್ಣೆ ಒರಸುವ ಹಳೆಯ ರೂಢಿಯ ಫಲ ನೀರಿನ ಪರೀಕ್ಷೆಯ ಫಲದಂಥದ್ದೇ. ತರಿಗಳನ್ನು ಎಣ್ಣೆ ತುಂಬಿ ಸ್ವಲ್ಪ ಹೊತ್ತು ಹೊಳಪು ಕಾಣುತ್ತದೆ. ಆರುವಷ್ಟರಲ್ಲಿ ಧೂಳು ಮೆತ್ತಿ ಮೊದಲಿಗಿಂತ ಮಾಸಲಾಗುತ್ತದೆ. ಮುಂದೆ ಮರುಬಣ್ಣ ಮಾಡುವಾಗ ಇದೇ ಎಣ್ಣೆಯಿಂದ ಹೊಸ ಬಣ್ಣ ಹಿಡಿಯದೆ ಕಣ್ಣಿನಂಥ ಗುಳಿಗಳು ಏಳುತ್ತವೆ.

ರಕ್ಷಕ ಲೇಪಗಳು

ಉಜ್ಜಿದ ಬಣ್ಣಕ್ಕೆ ಲೇಪ ಹಚ್ಚದಿದ್ದರೆ ಹೊಳಪು ನಿಲ್ಲದು. ಬ್ರೆಜಿಲಿನ ತಾಳೆಜಾತಿಯ ಮರದೆಲೆಯಿಂದ ಸಿಗುವ ಕಾರ್ನೌಬಾ ಮೇಣ ಬೇಸಿಗೆಯಲ್ಲಿ ಕೆಲವೇ ವಾರ ಬಾಳುತ್ತದೆ. ಕೃತಕ ಪಾಲಿಮರ್ ಸೀಲೆಂಟ್ ಕೆಲವು ತಿಂಗಳು, ಸಿಲಿಕಾ ಆಧಾರಿತ ಸೆರಾಮಿಕ್ ಲೇಪ ವರ್ಷಕ್ಕೂ ಹೆಚ್ಚು ಉಳಿಯುತ್ತದೆ. ಸೆರಾಮಿಕ್ ಲೇಪ ಮಬ್ಬನ್ನು ಮುಚ್ಚುವುದಿಲ್ಲ. ಕೆಳಗೆ ಏನಿದೆಯೋ ಅದನ್ನೇ ಹಿಡಿದಿಡುತ್ತದೆ. ಬಟ್ಟೆಯ ಹೊದಿಕೆ ಅಗ್ಗದ ರಕ್ಷಣೆ. ಆದರೆ ಧೂಳಿನ ಕಾರಿಗೆ ಹೊದಿಸಿದ ಹೊದಿಕೆ ಗಾಳಿಗೆ ಬಡಿದು ಇಡೀ ಮೈಗೆ ಗೀರು ತರುತ್ತದೆ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಕಟ್ಟುತ್ತದೆ.

ಮರುಬಣ್ಣ

ಪದರ ಸುಲಿದ, ತುಕ್ಕು ಎದ್ದ ಅಥವಾ ವರ್ಣವೇ ಹೋದ ಭಾಗಗಳಿಗೆ ಮರುಬಣ್ಣವೊಂದೇ ದಾರಿ. ಹಳೆಯ ಪದರ ಕೆರೆದು, ತಗ್ಗುಗಳಿಗೆ ಪಟ್ಟಿ ಮೆತ್ತಿ, ಪ್ರೈಮರ್ ಹೊಡೆದು, ವಾಟರ್ ಪೇಪರಿನಿಂದ ಸಮಗೊಳಿಸಿ, ಬಣ್ಣ ಮತ್ತು ಪಾರದರ್ಶಕ ಪದರ ಹೊಡೆಯುತ್ತಾರೆ. ಪೂರ್ತಿ ಗಟ್ಟಿಯಾಗದ ಎನಾಮಲ್ ಮೇಲೆ ನೈಟ್ರೋಸೆಲ್ಯುಲೋಸ್ ಬಣ್ಣ ಹೊಡೆದರೆ ತಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ ಸುಕ್ಕು ತರುತ್ತದೆ.

ಬಣ್ಣದ ಸಂಕೇತ ಸಂಖ್ಯೆ ಎಂಜಿನ್ ಕೋಣೆಯ ಅಥವಾ ಬಾಗಿಲ ಕಂಬದ ಫಲಕದಲ್ಲಿರುತ್ತದೆ. ಆ ಸಂಖ್ಯೆಯಂತೆ ಬೆರೆಸಿದ ಬಣ್ಣ ಕಾರು ಹೊಸದಿದ್ದಾಗಿನ ಬಣ್ಣ. ಹದಿನೈದು ವರ್ಷ ಬಿಸಿಲುಂಡ ಪಕ್ಕದ ಬಾಗಿಲಿಗೆ ಅದು ಕೂಡುವುದಿಲ್ಲ. ಹೀಗಾಗಿ ಬಣ್ಣವನ್ನು ಕಣ್ಣಳತೆಯಲ್ಲಿ ತಿದ್ದಿ, ಪಕ್ಕದ ಭಾಗಕ್ಕೂ ತೆಳುವಾಗಿ ಹಾಯಿಸಿ ಬೆಸೆಯುತ್ತಾರೆ. ಬೆಳ್ಳಿ ಬಣ್ಣದಲ್ಲಿ ಅಲ್ಯುಮಿನಿಯಂ ರೇಕುಗಳು ಮಲಗುವ ರೀತಿ ತುಂತುರು ಗನ್ನಿನ ದೂರ ಮತ್ತು ಗಾಳಿಯ ಒತ್ತಡವನ್ನು ಅವಲಂಬಿಸಿರುವುದರಿಂದ ಅದನ್ನು ಕೂಡಿಸುವುದು ಅತಿ ಕಷ್ಟದ ಕೆಲಸ.

ಹಾಲುಮಬ್ಬು ಮಳೆಗಾಲದ ದೋಷ. ತಿನ್ನರ್ ಆವಿಯಾಗುವಾಗ ಒದ್ದೆ ಬಣ್ಣ ತಣಿಯುತ್ತದೆ. ಗಾಳಿಯ ತೇವ ಮಿತಿಮೀರಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ನೀರಿನ ಸೂಕ್ಷ್ಮ ಹನಿಗಳು ಕಟ್ಟಿ, ಪದರ ಹಾಲು ಚೆಲ್ಲಿದಂತಾಗುತ್ತದೆ. ನೈಟ್ರೋಸೆಲ್ಯುಲೋಸ್ ಬಣ್ಣದಲ್ಲಿ ಇದು ಹೆಚ್ಚು. ನಿಧಾನ ಆರುವ ತಿನ್ನರ್ ಬೆರೆಸಿ ಮತ್ತೊಂದು ತೆಳು ಕೈ ಹೊಡೆದರೆ ಹಲವೊಮ್ಮೆ ಸರಿಹೋಗುತ್ತದೆ. ಹಾರ್ಡನರ್ ಬೆರೆಸುವ ಪಾಲಿಯುರಿಥೇನ್ ಬಣ್ಣದಲ್ಲಿ ತೇವವು ಹಾರ್ಡನರಿನ ಐಸೊಸಯನೇಟ್ ಜತೆ ವರ್ತಿಸಿ ಇಂಗಾಲದ ಡೈ ಆಕ್ಸೈಡ್ ಬಿಡುವುದರಿಂದ ಸೂಜಿಮೊನೆಯಂಥ ತೂತುಗಳು ಏಳುತ್ತವೆ, ಹೊಳಪು ಸಾಯುತ್ತದೆ. ಹಾನಗಲ್ಲಿನ ಜೂನ್–ಆಗಸ್ಟ್ ತಿಂಗಳ ಗಾಳಿಯಲ್ಲಿ ತೆರೆದ ಶೆಡ್ಡಿನ ಮರುಬಣ್ಣಕ್ಕೆ ಈ ಅಪಾಯವಿದೆ. ಸವಣೂರಿನ ಬಯಲಿನಲ್ಲಿ ಅದೇ ತಿಂಗಳ ಅಡ್ಡಿ ಆಷಾಢದ ಗಾಳಿ ಹೊತ್ತು ತರುವ ಧೂಳು. ಮಳೆ ಹಿಂದೆ ಸರಿದು ಚಳಿ ಬಲಿಯುವ ಮುಂಚಿನ ಅವಧಿ ನಾಲ್ಕೂ ತಾಲ್ಲೂಕುಗಳಿಗೆ ಅನುಕೂಲ. ನೆಲಕ್ಕೆ ನೀರು ಹೊಡೆದು ಧೂಳು ಅಡಗಿಸಿ, ಗಾಳಿ ಏಳುವ ಮೊದಲು ಬೆಳಿಗ್ಗೆ ಬಣ್ಣ ಹೊಡೆಯುವುದು ಬಾಗಿಲಿಲ್ಲದ ಶೆಡ್ಡುಗಳ ಉಪಾಯ.

ಕೆಲಸಗಾರರ ಸುರಕ್ಷತೆ

ಐಸೊಸಯನೇಟ್ ಇರುವ ತುಂತುರು ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು. ಒಮ್ಮೆ ಅಂಟಿದ ಅಲರ್ಜಿ ಮುಂದೆ ಅತಿ ಸಣ್ಣ ಪ್ರಮಾಣಕ್ಕೂ ಕೆರಳುತ್ತದೆ. ಇದಕ್ಕೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನು ತಡೆಯದು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಕೆರೆಯದೆ ನೀರು ಹಾಕಿ ಉಜ್ಜುವುದು ಕ್ಷೇಮ.

ಕಾನೂನು ಮತ್ತು ವಿಮೆ

ಕಾರಿನ ಬಣ್ಣ ನೋಂದಣಿ ಪತ್ರದಲ್ಲಿ ದಾಖಲಾಗುವ ವಿವರ. ಅದೇ ಬಣ್ಣದ ಮರುಬಣ್ಣಕ್ಕೆ ತೊಡಕಿಲ್ಲ. ಬೇರೆ ಬಣ್ಣ ಮಾಡಿಸಿದರೆ ನೋಂದಣಿ ಪತ್ರದಲ್ಲಿ ತಿದ್ದುಪಡಿ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಗೆ ಮೀಸಲು. ಹಳೆಯ ಜೀಪಿಗೆ ಸೈನ್ಯದ ಬಣ್ಣ ಹೊಡೆಸುವವರು ಇದನ್ನು ಮರೆಯುವುದುಂಟು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಮತ್ತೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಹಾವೇರಿ ಜಿಲ್ಲೆಯ ಕೆಎ 27 ಕಾರುಗಳನ್ನು ನವೀಕರಣದ ತಪಾಸಣೆಗೆ ಒಯ್ಯುವ ಮುನ್ನ ತುಕ್ಕು ಕೆರೆದು ಬಣ್ಣ ಮಾಡಿಸುವುದರಿಂದ ಮರುಬಣ್ಣದ ಕೆಲಸಕ್ಕೆ ನವೀಕರಣದ ವರ್ಷವೇ ಕಾರಣವಾಗುವುದುಂಟು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ಬಂದಿದೆ. ಇಂಥವುಗಳಲ್ಲಿ ಮಾಸಿದ್ದರೂ ಮೂಲ ಬಣ್ಣಕ್ಕೇ ಸಂಗ್ರಾಹಕರು ಹೆಚ್ಚು ಬೆಲೆ ಕಟ್ಟುತ್ತಾರೆ.

ವಿಮೆಯು ಸಹಜ ಸವಕಳಿಯನ್ನು ಹೊರಗಿಡುವುದರಿಂದ ಬಿಸಿಲಿಗೆ ಮಾಸಿದ್ದಕ್ಕೆ ಪರಿಹಾರವಿಲ್ಲ. ಅಪಘಾತದ ಮರುಬಣ್ಣದಲ್ಲೂ ಸಾಮಾನ್ಯ ಪಾಲಿಸಿಯಡಿ ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ.

ಇಂದಿನ ಸ್ಥಿತಿ

ತಾಲ್ಲೂಕು ಊರುಗಳ ಡೆಂಟಿಂಗ್–ಪೇಂಟಿಂಗ್ ಶೆಡ್ಡುಗಳು ಬಿಡಿ ಭಾಗಗಳ ಮರುಬಣ್ಣ, ಪಟ್ಟಿ ಕೆಲಸ ಮತ್ತು ರಬ್ಬಿಂಗ್ ಮಾಡುತ್ತವೆ. ಮುಚ್ಚಿದ ಕೋಣೆಯಲ್ಲಿ ಬಿಸಿಗಾಳಿ ಹಾಯಿಸಿ ಒಣಗಿಸುವ ವ್ಯವಸ್ಥೆ ಬೇಕಾದವರು ಹುಬ್ಬಳ್ಳಿ ಅಥವಾ ದಾವಣಗೆರೆಯ ಕಡೆ ಹೋಗುತ್ತಾರೆ. ಮಾಸಿದ ಬಣ್ಣದೊಡನೆ ಹಳದಿಗಟ್ಟಿದ ಹೆಡ್‌ಲೈಟಿನ ಕೆಲಸವೂ ಈಗ ಸೇರಿಕೊಂಡಿದೆ. ಅದರ ಪಾಲಿಕಾರ್ಬೊನೇಟ್ ಮುಚ್ಚಳದ ಮೇಲಿನ ಅತಿನೇರಳೆ ತಡೆಪದರ ಸವೆದು ಹೀಗಾಗುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜಿದರೆ ತಿಳಿಯಾಗುವುದು ನಿಜ, ಆದರೆ ಹೊಸ ತಡೆಪದರ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಗಟ್ಟುತ್ತದೆ.